ಪೆಟ್ಟಿಗೆ ತರಿಸುವ ಮುಂಚೆ ಹೂವಿನ ಮುಂದೆ ಕೂತು ನೋಡು

ಚಿರಂಜೀವಿ ತಂಗಿಗೆ,

ನೀನು ಕಳಿಸಿದ ಪ್ರಸ್ತಾವನೆಯನ್ನು ರಾಣೆಬೆನ್ನೂರಿನ ನಿನ್ನ ಸೋದರತ್ತೆ ನಿಧಾನವಾಗಿ ಓದಿದ್ದಾಳೆ. ಓದುತ್ತ ಹೋದಂತೆ ಮೊದಲು ಹೆಮ್ಮೆಯಾಯಿತು, ಆಮೇಲೆ ಚಿಂತೆ ಹತ್ತಿತು, ಕೊನೆಯ ಪುಟದ ಖರ್ಚಿನ ಪಟ್ಟಿಗೆ ಬರುವಷ್ಟರಲ್ಲಿ ಸಿಟ್ಟೇ ಬಂತು. ಸಿಟ್ಟಿನ ಮಾತನ್ನು ಫೋನಿನಲ್ಲಿ ಆಡಿದರೆ ಜಗಳವಾಗುತ್ತದೆ. ಬರೆದರೆ ಪೂರ್ತಿಯಾದರೂ ಓದುತ್ತೀ. ಸಾವಯವ ಹೊಲಗಳಲ್ಲಿ ಪರಾಗಸ್ಪರ್ಶದ ಪ್ರಯೋಗಕ್ಕೆ ಹೊರಟ ನಿನ್ನ ವಾರಿಗೆಯವರು ಈಗ ಅನೇಕರಿದ್ದಾರೆ. ಅವರ ಕಣ್ಣಿಗೂ ಬೀಳಲಿ ಎಂದು ಈ ಕಾಗದ ಪತ್ರಿಕೆಗೆ ಹೋಗುತ್ತಿದೆ.

ನಿನ್ನ ಯೋಜನೆಯಲ್ಲಿರುವುದು ಇಷ್ಟು: ಅಪ್ಪನ ಸಾವಯವ ಹೊಲದಲ್ಲಿ ಆರು ತರಕಾರಿ, ಬದುವಿನುದ್ದಕ್ಕೂ ಬಾಡಿಗೆಗೆ ತಂದ ಇಟಾಲಿಯನ್ ಜೇನಿನ ಪೆಟ್ಟಿಗೆಗಳು, ಪಕ್ಕದ ರಾಸಾಯನಿಕ ಹೊಲದೊಂದಿಗೆ ಹೋಲಿಕೆ, ಎಲ್ಲದಕ್ಕೂ ಒಂದೇ ಹಂಗಾಮು. ಪ್ರಯೋಗಕ್ಕೆ ಅತ್ತೆಯ ವಿರೋಧವಿಲ್ಲ. ಅದನ್ನು ಪೆಟ್ಟಿಗೆಯಿಂದ ಶುರುಮಾಡುವುದಕ್ಕೆ ಮಾತ್ರ ವಿರೋಧವಿದೆ. ಯಾಕೆಂದು ಕೇಳು.

ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ‘ಶೇ 24 ಇಳುವರಿ ಹೆಚ್ಚಳ ಸಾಧ್ಯ’ ಎಂದು ಬರೆದಿದ್ದೀ. ಆ ಅಂಕಿ ಎಲ್ಲಿಂದ ಬಂತೆಂದು ಅತ್ತೆಗೆ ಗೊತ್ತು. ಅರ್ಜೆಂಟೀನಾದ ಲೂಕಾಸ್ ಗರಿಬಾಲ್ಡಿ ಮತ್ತು ಅವರ ದೊಡ್ಡ ಬಳಗ 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ್ದು ಅದು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ 344 ಹೊಲಗಳನ್ನು, 33 ಬೆಳೆ ವ್ಯವಸ್ಥೆಗಳನ್ನು ಅವರು ನೋಡಿದರು. ಎರಡು ಹೆಕ್ಟೇರಿಗಿಂತ ಚಿಕ್ಕ ಹೊಲಗಳಲ್ಲಿ, ಚೆನ್ನಾಗಿ ಬೆಳೆದ ಹೊಲಕ್ಕೂ ಸೊರಗಿದ ಹೊಲಕ್ಕೂ ಇರುವ ಅಂತರದ ಸುಮಾರು ಶೇ 24 ಭಾಗವನ್ನು ಹೂವಿಗೆ ಬರುವ ಕೀಟಗಳನ್ನು ಹೆಚ್ಚಿಸಿ ತುಂಬಬಹುದು ಎಂದರು. ಅಂತರದ ಶೇ 24, ಇಳುವರಿಯ ಶೇ 24 ಅಲ್ಲ. ನಿನ್ನಪ್ಪ ಈ ಸಾಲು ಓದಿ ನೂರು ಕೆಜಿಗೆ ನೂರಾ ಇಪ್ಪತ್ತನಾಲ್ಕು ಕೆಜಿ ಎಂದು ಲೆಕ್ಕ ಹಾಕಿ ಕೂತಿದ್ದಾನೆ. ಆ ಲೆಕ್ಕವನ್ನು ಅವನ ತಲೆಯಿಂದ ತೆಗೆಯಬೇಕಾದವಳು ನೀನೇ.

ಅದೇ ಬಳಗ 2013ರಲ್ಲಿ ಹೇಳಿದ್ದು ನಿನ್ನ ಪ್ರಸ್ತಾವನೆಯಲ್ಲಿ ಎಲ್ಲೂ ಕಾಣಲಿಲ್ಲ. ಜಗತ್ತಿನ 41 ಬೆಳೆ ವ್ಯವಸ್ಥೆಗಳನ್ನು ಒಟ್ಟಿಗಿಟ್ಟು ನೋಡಿದಾಗ, ಕಾಡುಕೀಟಗಳ ಭೇಟಿ ಹೆಚ್ಚಿದರೆ ಕಾಯಿಕಟ್ಟುವುದು ಎಷ್ಟು ಹೆಚ್ಚುತ್ತದೋ, ಸಾಕುಜೇನಿನ ಭೇಟಿ ಅಷ್ಟೇ ಹೆಚ್ಚಿದಾಗ ಸಿಗುವುದು ಅದರ ಅರ್ಧದಷ್ಟು ಎಂದು ಅವರಿಗೆ ಕಂಡಿತು. ಪೆಟ್ಟಿಗೆಯ ಜೇನು ಕಾಡುಕೀಟಗಳ ಜಾಗ ತುಂಬಲಾರದು ಎಂಬುದು ಅದರ ತಾತ್ಪರ್ಯ. ಹೀಗಿರುವಾಗ ನೀನು ಮಾಡುವ ಮೊದಲ ಕೆಲಸವೇ ಪೆಟ್ಟಿಗೆ ತರಿಸುವುದೇ?

ಬದನೆಯನ್ನೇ ತೆಗೆದುಕೋ, ನಿನ್ನಪ್ಪನಿಗೆ ಹೆಚ್ಚು ಹಣ ಕೊಡುವ ಬೆಳೆ ಅದೇ. ಬದನೆ ಹೂವಿನಲ್ಲಿ ಮಕರಂದವಿಲ್ಲ. ಇರುವುದು ಪರಾಗ ಮಾತ್ರ. ಅದೂ ಹಳದಿ ಕೇಸರಗಳೊಳಗೆ ಬಿಗಿಯಾಗಿ ಕೂತಿರುತ್ತದೆ, ತುದಿಯಲ್ಲಿ ಸಣ್ಣ ರಂಧ್ರವೊಂದೇ ಬಾಗಿಲು. ಆ ಪರಾಗ ಹೊರಗೆ ಬರಬೇಕಾದರೆ ಹೂವನ್ನು ತಬ್ಬಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಗಡಗಡ ಅದುರಿಸಬೇಕು. ಕಟ್ಟಿಗೆ ಕೊರೆಯುವ ಕರಿ ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಅಮೆಗಿಲ್ಲಾ, ನೆಲದೊಳಗೆ ಗೂಡು ತೋಡುವ ಹೊಪ್ಲೊನೋಮಿಯಾ ಈ ಕೆಲಸ ಬಲ್ಲವು. ತುಡುವೆಗೆ ಅದು ಬರುವುದಿಲ್ಲ, ಹೆಜ್ಜೇನಿಗೂ ಬರುವುದಿಲ್ಲ, ನೀನು ಮುಂಗಡ ಕೊಟ್ಟಿರುವ ಇಟಾಲಿಯನ್ ಜೇನಿಗೂ ಬರುವುದಿಲ್ಲ. ಅದು ಬದನೆಗೆ ಬಂದರೂ ದುಂಬಿ ಉದುರಿಸಿ ಹೋದ ಚೂರುಪಾರನ್ನು ಆಯ್ದುಕೊಂಡು ಹೋಗುತ್ತದೆ. ಸುತ್ತ ಮೆಕ್ಕೆಜೋಳದ ಸೂಲಂಗಿ ಬಿಟ್ಟ ಕಾಲದಲ್ಲಂತೂ ಬೆಳಗಾಗುತ್ತಲೇ ಅಲ್ಲಿಗೆ ಹಾರುತ್ತದೆ. ಬಾಡಿಗೆ ನಿನ್ನದು, ಜೇನು ಮಂದಿಯ ಹೊಲದ್ದು.

ಹಾಗೆಂದು ಪೆಟ್ಟಿಗೆ ಎಲ್ಲೂ ಬೇಡವೆಂದಲ್ಲ. ಅಂಥ ಅನ್ಯಾಯದ ಮಾತು ಅತ್ತೆ ಆಡುವುದಿಲ್ಲ. ಸೂರ್ಯಕಾಂತಿ ಈ ಕಡೆ ಹಬ್ಬುತ್ತಿದ್ದ ಕಾಲದಲ್ಲಿ ತೆನೆಯ ನಡುವೆಲ್ಲ ಜೊಳ್ಳು ಎಂದು ರೈತರು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬಿಎಸ್‌ಎಚ್-1, ಅಂದರೆ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್, 1980ರಲ್ಲಿ ಬಂದ ಮೇಲೂ ಈ ದೂರು ಪೂರ್ತಿ ನಿಲ್ಲಲಿಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೈಗೆ ಮೆತ್ತನೆ ಬಟ್ಟೆ ಸುತ್ತಿಕೊಂಡು ಒಂದು ತೆನೆಯ ಮುಖ ಸವರಿ, ಅದೇ ಬಟ್ಟೆಯಿಂದ ಮತ್ತೊಂದನ್ನು ಸವರಿ ಎಂದು ಕೃಷಿ ಇಲಾಖೆಯವರು ಹೇಳಿಕೊಡುತ್ತಿದ್ದರು. ಜೇನುಪೆಟ್ಟಿಗೆ ಇಟ್ಟ ಹೊಲದವರಿಗೆ ಆ ಕೆಲಸ ತಪ್ಪುತ್ತಿತ್ತು. ಈರುಳ್ಳಿ ಬೀಜ, ಸೌತೆ, ಕುಂಬಳಕ್ಕೂ ಪೆಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಕೊಡಗಿನ ರೊಬಸ್ಟಾ ಕಾಫಿಗೆ ತನ್ನ ಗಿಡದ ಪರಾಗ ಆಗದು, ಬೇರೆ ಗಿಡದ್ದೇ ಬೇಕು. ಅಲ್ಲಿ ಸ್ಮಿತಾ ಕೃಷ್ಣನ್ ಮತ್ತು ಸಂಗಡಿಗರು ತೋಟ ತೋಟ ತಿರುಗಿ ಮಾಡಿದ ಅಧ್ಯಯನ 2012ರಲ್ಲಿ ಅಚ್ಚಾಯಿತು. ಹೆಜ್ಜೇನು, ತುಡುವೆ, ಮಿಸ್ರಿ ಈ ಮೂರರಲ್ಲಿ ಹೆಜ್ಜೇನಿನ ಪಾಲೇ ದೊಡ್ಡದು ಎಂದು ಅವರಿಗೆ ಕಂಡಿತು. ಹೆಜ್ಜೇನನ್ನು ಯಾವ ಪೆಟ್ಟಿಗೆಯಲ್ಲೂ ಕೂರಿಸಲಾಗದು, ಅದು ನಿನಗೆ ಗೊತ್ತೇ ಇದೆ. ಯಾರು ಬರುತ್ತಾರೆಂದು ಮೊದಲು ನೋಡಿದ್ದರಿಂದ ಹೆಜ್ಜೇನಿನ ಈ ಪಾಲು ಹೊರಬಿತ್ತು.

ನಿನ್ನ ಅತ್ತೆ ಹೂವಿನ ಕೆಲಸ ಕಲಿತದ್ದು ಕಾಲೇಜಿನಲ್ಲಲ್ಲ. ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ಹೊರತಂದರು. ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿದ ಹೈಬ್ರಿಡ್ ಅದು. ನಮ್ಮ ಲಕ್ಷ್ಮಿ ತಳಿಗೆ ಉದ್ದ ಎಳೆಯ ಎಸ್‌ಬಿ 289ಇ ತಳಿಯ ಪರಾಗ. ಅದರ ಬೀಜವನ್ನು ಪ್ರತಿವರ್ಷ ಹೊಸದಾಗಿಯೇ ಮಾಡಬೇಕು, ಒಂದೊಂದು ಕಾಯಿಯೂ ಮನುಷ್ಯರ ಕೈಯಲ್ಲೇ ಕೂಡಬೇಕು. ಸೂಕ್ಷ್ಮ ಬೆರಳು ಬೇಕೆಂದು ಹೆಂಗಸರನ್ನೂ ಹುಡುಗಿಯರನ್ನೂ ಕರೆದರು. ಅತ್ತೆಯೂ ಹೋದಳು. ಶಾಲೆಯಲ್ಲಿರಬೇಕಾದ ವಯಸ್ಸು ಅದು. ನಮ್ಮ ಸೀಮೆಯ ಎಷ್ಟೋ ಹುಡುಗಿಯರ ಓದು ಹತ್ತಿಯ ಹೂವಿನಲ್ಲೇ ಮುಗಿಯಿತು. ಅದನ್ನು ಯಾರೂ ಚಂದದ ಕತೆ ಮಾಡಿ ಹೇಳಬಾರದು.

ಕೆಲಸ ಹೀಗಿತ್ತು. ಮಧ್ಯಾಹ್ನ ಇಳಿದ ಮೇಲೆ, ಮರುದಿನ ಅರಳಲಿರುವ ಮೊಗ್ಗುಗಳನ್ನು ಹೆಣ್ಣು ಸಾಲಿನಲ್ಲಿ ಹುಡುಕಬೇಕು. ಮೊಗ್ಗಿನ ಬಣ್ಣ, ಅದು ತಲೆ ಹೊರಹಾಕಿದ ಉದ್ದ ನೋಡಿದರೆ ಗೊತ್ತಾಗುತ್ತದೆ. ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಸುತ್ತ ಗೀರಿ, ಎಸಳುಗಳೂ ಕೇಸರದ ಕೊಳವೆಯೂ ಒಂದೇ ಸಲಕ್ಕೆ ಕಳಚಿ ಬರುವಂತೆ ತಿರುವಿ ಎಳೆಯಬೇಕು. ಉಗುರು ಸ್ವಲ್ಪ ಒಳಗೆ ತಾಗಿತೋ, ಕಾಯಿ ನಿಲ್ಲುವುದಿಲ್ಲ. ಒಂದೇ ಒಂದು ಕೇಸರ ಉಳಿಯಿತೋ, ಬೀಜ ಕೆಟ್ಟಿತು. ಆಮೇಲೆ ಕೆಂಪು ಕಾಗದದ ಚೀಲ ತೊಡಿಸಬೇಕು, ಮರುದಿನ ಬೆಳಿಗ್ಗೆ ಮೇಸ್ತ್ರಿಗೂ ತನಗೂ ದೂರದಿಂದಲೇ ಕಾಣಲಿ ಎಂದು ಆ ಬಣ್ಣ. ಬೆಳಿಗ್ಗೆ ಗಂಡು ಸಾಲಿನಿಂದ ಅರಳಿದ ಹೂ ಕಿತ್ತು ತಂದು, ಚೀಲ ತೆಗೆದು, ಪರಾಗವನ್ನು ಶಲಾಕೆಯ ತುದಿಗೆ ಮೆಲ್ಲಗೆ ಸವರಿ, ಮತ್ತೆ ಚೀಲ ತೊಡಿಸಿ, ತೊಟ್ಟಿಗೆ ದಾರ ಕಟ್ಟಬೇಕು. ಬಿಸಿಲು ಏರುವುದರೊಳಗೆ ಎಲ್ಲ ಮುಗಿಯಬೇಕು. ದಾರವಿಲ್ಲದ ಕಾಯಿ ಬೀಜಕ್ಕೆ ಸಲ್ಲದು.

ಮುಂದೆ ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆಗಳ ಹೈಬ್ರಿಡ್ ಬೀಜ ರಾಣೆಬೆನ್ನೂರು ಸೀಮೆಯ ಹಳ್ಳಿಹಳ್ಳಿಗೆ ಬಂತು. ಕ್ರಾಸಿಂಗ್ ಕೆಲಸ ಎಂದರೆ ಇಲ್ಲಿ ಇವತ್ತಿಗೂ ಮನೆಮಾತು. ಅತ್ತೆ ತಡವಾಗಿ ಎಸ್ಸೆಸ್ಸೆಲ್ಸಿ ಮುಗಿಸಿ, ಒಂದು ಬೀಜ ಕಂಪನಿಯಲ್ಲಿ ಕ್ರಾಸಿಂಗ್ ಹೆಂಗಸರ ಮೇಲ್ವಿಚಾರಕಿಯಾದಳು. ಅಲ್ಲಿ ಜೇನು ಯಾರಿಗೂ ಬೇಡದ ಅತಿಥಿ. ಪಕ್ಕದ ಹೊಲದ ಬದನೆಯ ಪರಾಗ ಹೊತ್ತು ಒಂದು ದುಂಬಿ ಬಂದು ಕೂತರೂ ಬೀಜದ ಶುದ್ಧತೆ ಹೋಯಿತು. ಅದಕ್ಕೇ ಚೀಲ, ಅದಕ್ಕೇ ಬಲೆ, ಅದಕ್ಕೇ ಹೊಲದಿಂದ ಹೊಲಕ್ಕೆ ದೂರ. ಬೀಜ ಒಪ್ಪಿಸಿದ ಮೇಲೂ ರೈತನ ಕೈಗೆ ಪೂರ್ತಿ ಹಣ ಬರುತ್ತಿರಲಿಲ್ಲ. ಕಂಪನಿಯವರು ಆ ಬೀಜ ಬಿತ್ತಿ, ಗಿಡ ಬೆಳೆಸಿ ನೋಡುವ ಜಿಓಟಿ ಪರೀಕ್ಷೆಯಲ್ಲಿ ಪಾಸಾಗುವತನಕ ಕಾಯಬೇಕು. ಫೇಲಾದ ವರ್ಷ ಮನೆಯ ಮದುವೆ ನಿಂತದ್ದುಂಟು. ಒಂದು ಹೂವಿನ ಮೇಲೆ ಯಾರು ಕೂತರು ಎಂಬುದು ಎಷ್ಟು ದೊಡ್ಡ ಸಂಗತಿಯೆಂದು ಆ ಹೆಣ್ಣುಮಕ್ಕಳಿಗೆ ಗೊತ್ತಾದಷ್ಟು ಬೇರೆಯವರಿಗೆ ಗೊತ್ತಾಗಲಿಕ್ಕಿಲ್ಲ.

ಜೇನನ್ನು ದೂರವಿಡಲೆಂದೇ ಅರ್ಧ ಆಯಸ್ಸು ಕಳೆದವಳು ಈಗ ಜೇನು ಕರೆಯುವ ಪ್ರಯೋಗದ ಬಗ್ಗೆ ಬುದ್ಧಿ ಹೇಳುತ್ತಿದ್ದಾಳಲ್ಲ ಎನ್ನಬಹುದು ನೀನು. ಆದರೆ ದೂರವಿಡಬೇಕಾದರೆ ಯಾವುದು ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬರುತ್ತದೆ ಎಂದು ತಿಳಿದಿರಲೇಬೇಕಲ್ಲ. ಬದನೆ ಸಾಲಿನಲ್ಲಿ ಬಗ್ಗಿ ಕೆಲಸ ಮಾಡುವಾಗ ದುಂಬಿಯ ಸದ್ದು ಎರಡು ಬಗೆ ಕೇಳಿಸುತ್ತದೆ. ಹಾರುವಾಗ ಒಂದು ದನಿ, ಹೂ ತಬ್ಬಿದ ಕೂಡಲೇ ಅದಕ್ಕಿಂತ ತೀಕ್ಷ್ಣವಾದ ಇನ್ನೊಂದು ದನಿ. ಎರಡನೆಯದು ಕೇಳಿಸಿದರೆ ಪರಾಗ ಉದುರಿತೆಂದೇ ಲೆಕ್ಕ. ಕಣ್ಣು ಎತ್ತದೆಯೇ ಎಣಿಸುವ ಹೆಂಗಸರು ಆ ಕಾಲದಲ್ಲಿದ್ದರು, ಈಗಲೂ ಇದ್ದಾರೆ.

ಹೊರಗಿನ ಒಂದು ಸಂಸ್ಥೆಯವರು ಈ ಕಡೆ ಬಂದು ಬದನೆ ಹೊಲವೊಂದರಲ್ಲಿ ಪ್ರಯೋಗ ಹೂಡಿದ್ದನ್ನು ಅತ್ತೆ ಕಣ್ಣಾರೆ ಕಂಡಿದ್ದಾಳೆ. ಬಲೆಯ ಪಂಜರ ಕಟ್ಟಿದರು, ಪೆಟ್ಟಿಗೆ ಇಟ್ಟರು, ನೂರಾರು ಹೂವಿಗೆ ಬಣ್ಣದ ದಾರ ಕಟ್ಟಿದರು. ಹೊಲದ ಯಜಮಾನನಿಗೆ ಹೇಳಿದ್ದರು, ಕೊಯ್ಲಿಗೆ ಬರುವ ಆಳುಗಳಿಗೆ ಹೇಳಿರಲಿಲ್ಲ. ಸಂತೆಯ ಹಿಂದಿನ ಸಂಜೆ ಆಳುಗಳು ಬಂದು, ಚೆನ್ನಾಗಿ ಬಲಿತ ಕಾಯಿಗಳನ್ನು ದಾರದ ಸಮೇತ ಕೊಯ್ದು ಬುಟ್ಟಿಗೆ ತುಂಬಿದರು. ಸಂಸ್ಥೆಯ ಹುಡುಗ ಮರುದಿನ ತಕ್ಕಡಿ ಹಿಡಿದು ಬಂದಾಗ ಗಿಡದಲ್ಲಿ ಉಳಿದದ್ದು ಕೊರಕ ಹೊಕ್ಕ ಕಾಯಿಗಳು ಮಾತ್ರ. ಅವನು ಕೂಲಿ ಹೆಂಗಸರ ಮೇಲೆ ಕೂಗಾಡಿದ. ಅವರ ತಪ್ಪೇನು? ಮಾರುವ ಕಾಯಿ ಕೊಯ್ಯುವುದು ಅವರ ಕೆಲಸ. ಆ ಹೊಲದ ಬದನೆಯ ಪರಾಗಸ್ಪರ್ಶದ ಬಗ್ಗೆ ಇವತ್ತಿಗೂ ಯಾರ ಬಳಿಯೂ ಒಂದು ಅಂಕಿ ಇಲ್ಲ.

ಈಗ ನಿನ್ನ ಪ್ರಯೋಗಕ್ಕೆ ಬರೋಣ. ಕೇಳಬೇಕಾದ ಪ್ರಶ್ನೆ ‘ಜೇನು ಇಟ್ಟರೆ ಎಷ್ಟು ಹೆಚ್ಚುತ್ತದೆ’ ಎಂಬುದಲ್ಲ. ‘ಈ ಹೊಲದಲ್ಲಿ ಪರಾಗಕ್ಕೆ ಕೊರತೆ ಇದೆಯೇ’ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಪೆಟ್ಟಿಗೆ ಬೇಡ, ಕೈ ಬೇಕು. ಕೆಲವು ಹೂಗಳನ್ನು ಇದ್ದಂತೆ ಬಿಡು, ಬರುವವರು ಬರಲಿ. ಕೆಲವಕ್ಕೆ ಮೊಗ್ಗಿನಲ್ಲೇ ತೆಳು ಬಲೆಚೀಲ ತೊಡಿಸು, ಯಾರೂ ಬರದಿರಲಿ. ಇನ್ನು ಕೆಲವನ್ನು ತೆರೆದೇ ಇಟ್ಟು, ಅದರ ಮೇಲೆ ನಿನ್ನ ಕೈಯಾರೆ ಬೇರೆ ಗಿಡದ ಪರಾಗವನ್ನೂ ಧಾರಾಳವಾಗಿ ಸವರು. ಕೈಪರಾಗ ಪಡೆದ ಹೂಗಳು ಇದ್ದಂತೆ ಬಿಟ್ಟ ಹೂಗಳಿಗಿಂತ ಹೆಚ್ಚು ಕಾಯಿ ಕಟ್ಟಿದರೆ ಕೊರತೆ ಇದೆ. ಎರಡೂ ಸಮವಾದರೆ ದುಂಬಿಗಳು ತಮ್ಮ ಕೆಲಸ ಮಾಡಿ ಮುಗಿಸಿವೆ. ಆಗ ಹೊಲದ ತುಂಬ ಪೆಟ್ಟಿಗೆ ಸಾಲಿಟ್ಟರೂ ಒಂದು ಕಾಯಿ ಹೆಚ್ಚು ಬಾರದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ತಂದ ಕೈಪಿಡಿಯಲ್ಲಿ ಪರಾಗಕೊರತೆ ಅಳೆಯುವ ಕ್ರಮವಿದೆ. ಓದಿದ್ದೀಯೋ ಇಲ್ಲವೋ. ಓದಿದ್ದರೆ ಖರ್ಚಿನ ಪಟ್ಟಿ ಹೀಗಿರುತ್ತಿರಲಿಲ್ಲ.

ಬದನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ಗಿಡದ ಎಲ್ಲ ಹೂವೂ ಒಂದೇ ತರಹ ಇರುವುದಿಲ್ಲ. ಕೆಲವದರಲ್ಲಿ ಶಲಾಕೆ ಕೇಸರಗಳ ತುದಿ ದಾಟಿ ಹೊರಗೆ ಚಾಚಿರುತ್ತದೆ, ಕೆಲವದರಲ್ಲಿ ಸಮಕ್ಕೆ ನಿಂತಿರುತ್ತದೆ, ಕೆಲವದರಲ್ಲಿ ಗಿಡ್ಡಾಗಿ ಒಳಗೇ ಅಡಗಿರುತ್ತದೆ. ಕಾಯಿಯಾಗುವುದು ಉದ್ದ ಶಲಾಕೆಯ ಮತ್ತು ಮಧ್ಯಮ ಶಲಾಕೆಯ ಹೂಗಳು. ಗಿಡ್ಡ ಶಲಾಕೆಯದು ಗಂಡು ಹೂವಿನಂತೆ ಪರಾಗ ಕೊಟ್ಟು ಉದುರುತ್ತದೆ. ಇದನ್ನು ನೋಡದೆ ಸಿಕ್ಕ ಸಿಕ್ಕ ಹೂವಿಗೆ ಚೀಲ ಕಟ್ಟಿದರೆ, ಉದುರಿದ್ದಕ್ಕೆ ಕಾರಣ ಜೇನಿಲ್ಲದ್ದೋ ಹುಟ್ಟುಗುಣವೋ ತಿಳಿಯದು. ಯಾವ ಕ್ರಾಸಿಂಗ್ ಹೆಂಗಸೂ ಗಿಡ್ಡ ಶಲಾಕೆಯ ಮೊಗ್ಗಿನ ಮೇಲೆ ಸಮಯ ಹಾಳುಮಾಡುವುದಿಲ್ಲ.

ಚೀಲ ತೊಡಿಸಿದ ಹೂವಿನ ಬಳಿ ಕಾಯಿಕೊರಕದ ಪತಂಗವೂ ಸುಳಿಯುವುದಿಲ್ಲ ಎಂಬುದನ್ನು ಮರೆಯಬೇಡ. ದುಂಬಿ ಬಾರದೆ ಕಟ್ಟಿದ ಒಂದೆರಡು ಕಾಯಿ ಕೊರಕವಿಲ್ಲದೆ ನುಣ್ಣಗೆ ಬೆಳೆದು, ತೆರೆದ ಕಾಯಿಗಿಂತ ಚೆನ್ನಾಗಿ ಕಂಡು ನಿನ್ನನ್ನು ದಾರಿ ತಪ್ಪಿಸಬಹುದು. ಬದನೆ ತನ್ನದೇ ಪರಾಗದಿಂದಲೂ ಕಾಯಿ ಕಟ್ಟಬಲ್ಲ ಗಿಡ. ಗಾಳಿಗೆ ಹೂ ಅಲುಗಿದರೂ ಅಷ್ಟಿಷ್ಟು ಪರಾಗ ಉದುರುತ್ತದೆ. ಅದಕ್ಕೇ ಕಾಯಿ ಕಟ್ಟಿದ ಕೂಡಲೇ ಎಲ್ಲ ಚೀಲ ತೆಗೆದು, ಮೂರೂ ಬಗೆಯ ಕಾಯಿಗಳನ್ನು ಒಂದೇ ಸ್ಥಿತಿಗೆ ತರಬೇಕು. ತೂಕ ಹಿಡಿಯುವಾಗ ಕೊರಕ ಬಿದ್ದ ಕಾಯಿಯನ್ನೂ ಲೆಕ್ಕಕ್ಕೆ ಹಿಡಿ, ಬೀಜವನ್ನೂ ಎಣಿಸು. ಹೆಚ್ಚು ಪರಾಗ ಬಿದ್ದ ಕಾಯಿಯಲ್ಲಿ ಬೀಜ ಹೆಚ್ಚು. ಎಣ್ಣೆಗಾಯಿ ಮಾಡುವ ಹೆಣ್ಣುಮಗಳಿಗೆ ಬೀಜ ತುಂಬಿದ ಬದನೆ ಬೇಡವೆಂಬುದೂ ನಿನ್ನ ವರದಿಯಲ್ಲಿ ಬರಬೇಕಾದ ಸತ್ಯ.

ಒಂದು ಹೂವಿನ ಲೆಕ್ಕ ಇಡೀ ಗಿಡದ ಲೆಕ್ಕವಲ್ಲ. ನಾಲ್ಕು ಹೂವಿಗೆ ನೀನು ಕೈಯಾರೆ ಪರಾಗ ಸವರಿ ನಾಲ್ಕೂ ಕಾಯಿ ನಿಂತರೆ, ಗಿಡ ತನ್ನ ಬಲವನ್ನೆಲ್ಲ ಅಲ್ಲಿಗೇ ಹರಿಸಿ ಮೇಲಿನ ಹೀಚುಗಳನ್ನು ಉದುರಿಸಬಹುದು. ಸಾವಯವ ಹೊಲದಲ್ಲಿ ಸಾರಜನಕ ನಿಧಾನವಾಗಿ ಸಿಗುವುದರಿಂದ ಇದು ಇನ್ನೂ ಮುಖ್ಯ. ಹಾಗಾಗಿ ಕೆಲವು ಗಿಡಗಳ ಎಲ್ಲ ಹೂವಿಗೂ ಕೈಪರಾಗ ಕೊಟ್ಟು, ಮೊದಲ ಕೊಯ್ಲಿನಿಂದ ಕೊನೆಯ ಕೊಯ್ಲಿನವರೆಗೆ ಇಡೀ ಗಿಡದ ತೂಕ ಬರೆದಿಡು. ಅಪ್ಪನಿಗೆ ಬೇಕಾದ ಉತ್ತರ ಕೆಜಿಯಲ್ಲಿದೆ.

ಆರು ಬೆಳೆ ಎಂದಿದ್ದೀಯಲ್ಲ, ಅವುಗಳ ಹೊತ್ತು ನೋಡಿದ್ದೀಯಾ? ಕುಂಬಳದ ಹೂ ನಸುಕಿನಲ್ಲೇ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಹೀರೆ ಅರಳುವುದೇ ಸಂಜೆ. ತುಪ್ಪದ ಹೀರೆಯಾದರೆ ಬೆಳಿಗ್ಗೆ. ನಿನ್ನ ವೇಳಾಪಟ್ಟಿಯಲ್ಲಿ ಎಲ್ಲ ಬೆಳೆಗೂ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಎಂದಿದೆ. ಆ ಹೊತ್ತಿಗೆ ಹೀರೆಯ ಮುಂದೆ ಕೂತವಳು ‘ಪರಾಗಸ್ಪರ್ಶಿಗಳು ಶೂನ್ಯ’ ಎಂದು ಬರೆಯುತ್ತಾಳೆ, ಆ ಸೊನ್ನೆ ಕಂಪ್ಯೂಟರಿಗೆ ಹೋಗುತ್ತದೆ, ಆಮೇಲೆ ಅದೇ ಶಾಸ್ತ್ರವಾಗುತ್ತದೆ. ಮೆಣಸಿನಕಾಯಿ, ಬೆಂಡೆ ಬಹುಪಾಲು ತಮ್ಮಷ್ಟಕ್ಕೆ ಕಾಯಿ ಕಟ್ಟುತ್ತವೆ. ಆರರಲ್ಲಿ ಕೀಟವಿಲ್ಲದೆ ಬದುಕೇ ಇಲ್ಲದವು ಗಂಡು ಹೂ, ಹೆಣ್ಣು ಹೂ ಬೇರೆ ಬೇರೆಯಾಗಿರುವ ಕುಂಬಳ, ಸೌತೆ, ಹೀರೆಗಳು.

ಇನ್ನು ಸಾವಯವಕ್ಕೂ ರಾಸಾಯನಿಕಕ್ಕೂ ಹೋಲಿಕೆ. ಒಂದು ಸಾವಯವ ಹೊಲ, ಒಂದು ರಾಸಾಯನಿಕ ಹೊಲ, ಎರಡರಲ್ಲೂ ನೂರು ನೂರು ಹೂ. ಇದು ಇನ್ನೂರರ ಲೆಕ್ಕವಲ್ಲ, ಒಂದಕ್ಕೊಂದರ ಲೆಕ್ಕ. ಆ ಎರಡು ಹೊಲಗಳ ಮಣ್ಣು, ನೀರು, ಬದುವಿನ ಗಿಡ, ಯಜಮಾನನ ಕೈಗುಣ ಎಲ್ಲವೂ ಬೇರೆ. ವ್ಯತ್ಯಾಸ ಕಂಡರೆ ಯಾವುದರಿಂದ ಬಂತೆಂದು ಹೇಗೆ ಹೇಳುತ್ತೀ? ಅಮೆರಿಕದ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ ಈ ತಪ್ಪನ್ನು 1984ರಲ್ಲೇ ಹೆಸರಿಟ್ಟು ಎತ್ತಿ ತೋರಿಸಿದರು. ಎಂಎಸ್ಸಿ ಓದಿದ ನಿನಗೆ ಇದನ್ನು ಎಸ್ಸೆಸ್ಸೆಲ್ಸಿ ಓದಿದ ಅತ್ತೆ ನೆನಪಿಸಬೇಕೇ? ಹತ್ತಾರು ಹೊಲ ಸಿಗುವತನಕ ಆ ಹೋಲಿಕೆಯ ಮಾತೇ ಬೇಡ. ನೀನು ಹೂಡಿರುವುದು ಪ್ರಯೋಗವಲ್ಲ, ಪ್ರದರ್ಶನ. ಪೆಟ್ಟಿಗೆ ಸಾಲು, ಬೋರ್ಡು, ಫೋಟೊ, ಒಂದು ವರದಿ. ಹಂಗಾಮು ಮುಗಿದ ಮೇಲೆ ನಿನಗೆ ಇನ್ನೊಂದು ಊರು ಸಿಗುತ್ತದೆ. ನಿನ್ನಪ್ಪ ಅದೇ ಹೊಲದಲ್ಲಿ, ಆ ವರದಿಯ ಮಾತು ನಂಬಿಕೊಂಡು ಮುಂದಿನ ವರ್ಷ ಸಾಲ ಮಾಡಿ ಪೆಟ್ಟಿಗೆ ತರುತ್ತಾನೆ.

ಖಾರವಾಯಿತು. ಬೇಸರ ಮಾಡಿಕೊಳ್ಳಬೇಡ ತಂಗಿ. ಬೇರೆ ಯಾರದೋ ಹುಡುಗಿಯಾಗಿದ್ದರೆ ಅತ್ತೆ ಇಷ್ಟು ಬರೆಯುತ್ತಿರಲಿಲ್ಲ. ಕೊಡಗಿನ ಕಾಫಿಯ ಬಗ್ಗೆ, ಮಲೆನಾಡಿನ ಏಲಕ್ಕಿಯ ಬಗ್ಗೆ ಒಳ್ಳೆಯ ಕೆಲಸಗಳಾಗಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿ. ವಿ. ಬೆಳವಡಿಯವರು ಏಲಕ್ಕಿಯ ಹೂವನ್ನೂ ಅದಕ್ಕೆ ಬರುವ ಜೇನನ್ನೂ ವರ್ಷಗಟ್ಟಲೆ ನೋಡಿದರು. ನಮ್ಮ ಬಯಲುಸೀಮೆಯ ಸಣ್ಣ ತರಕಾರಿ ಹೊಲಗಳನ್ನೂ ಯಾರಾದರೂ ಅಷ್ಟು ತಾಳ್ಮೆಯಿಂದ ನೋಡಬೇಕು. ಅದು ನಿನ್ನಿಂದಾಗಲಿ ಎಂಬುದೇ ಅತ್ತೆಯ ಆಸೆ.

ಅಪ್ಪನ ಹೊಲ ಸಾವಯವವಾದ ಮಾತ್ರಕ್ಕೆ ದುಂಬಿಗೆ ಸುಖವಿದೆ ಎಂದುಕೊಳ್ಳಬೇಡ. ಅವನು ಪ್ರೀತಿಯಿಂದ ಕುದಿಸಿ ಹೊಡೆಯುವ ಅಗ್ನಿಅಸ್ತ್ರದಲ್ಲಿ ಹೊಗೆಸೊಪ್ಪಿದೆ. ಅದರ ನಿಕೋಟಿನ್ ಕೊರಕಕ್ಕೆ ವಿಷವಾದಂತೆ ದುಂಬಿಗೂ ವಿಷ. ಹೊಡೆಯಲೇಬೇಕಾದರೆ ದುಂಬಿಗಳು ಗೂಡಿಗೆ ಮರಳಿದ ಮೇಲೆ, ಮುಸ್ಸಂಜೆಯಲ್ಲಿ ಹೊಡೆಯಲಿ. ಯಾವ ದಿನ ಏನು ಹೊಡೆದನೆಂದು ನೀನು ಬರೆದಿಡು. ನುಸಿಗೆಂದು ತೂಗುಹಾಕಿದ ನೀಲಿ, ಹಳದಿ ಅಂಟುಬಲೆಗಳಲ್ಲಿ ಎಷ್ಟು ಜೇನು ಸತ್ತು ಅಂಟಿವೆ ಎಂದೂ ನೋಡು. ನೆಲದಲ್ಲಿ ಗೂಡು ತೋಡುವ ದುಂಬಿಗೆ ಬಿಸಿಲು ಬೀಳುವ ಬರಿ ನೆಲ ಬೇಕು. ಹೊಲದ ತುಂಬ ಹೊದಿಕೆ ಹಾಕಿ, ಬದುವನ್ನೂ ಕೆತ್ತಿ ಹಸನು ಮಾಡಿದರೆ ಅವು ಎಲ್ಲಿ ಇರಬೇಕು? ಬಾಗಿಲ ಬಳಿ ಬಿದ್ದಿರುವ ಒಣ ನುಗ್ಗೆ ಕೊಂಬೆಯನ್ನು ಸುಡದಿರಲು ಹೇಳು. ಕರಿ ದುಂಬಿಗೆ ಅಂಥ ಕಟ್ಟಿಗೆಯೇ ಮನೆ. ಬದುವಿನಲ್ಲಿ ತುಂಬೆ, ತೊಗರಿ, ಗುರೆಳ್ಳು ಇದ್ದರೆ ಬದನೆ ಹೂ ಇಲ್ಲದ ವಾರಗಳಲ್ಲೂ ಅವುಗಳ ಹೊಟ್ಟೆ ನಡೆಯುತ್ತದೆ. ನಮ್ಮ ಹಿರಿಯರ ಅಕ್ಕಡಿ ಸಾಲಿನಿಂದ ಆಗುತ್ತಿದ್ದುದೂ ಇದೇ.

ಆಮೇಲೆ, ಚೀಲ ತೊಡಿಸಿ ಹಾಳಾಗುವ ಪ್ರತಿ ಹೂವೂ ಅಪ್ಪನ ಆದಾಯ. ಮಗಳೆಂದು ಅವನು ಬಾಯಿ ಬಿಡುವುದಿಲ್ಲ. ಆದರೂ ಆ ನಷ್ಟಕ್ಕೆ ಸಂಶೋಧನೆಯ ಹಣದಿಂದಲೇ ಬೆಲೆ ಕಟ್ಟಿ ಕೊಡು.

ಕೊನೆಯದಾಗಿ ಕೆಲಸದ ಮಾತು. ಮುಂಗಾರಿನ ಸಸಿಮಡಿಗೆ ಬೀಜ ಬೀಳುವ ಮುಂಚೆ ಪೆಟ್ಟಿಗೆಯವರಿಂದ ಮುಂಗಡ ವಾಪಸು ಕೇಳು. ಈ ಹಂಗಾಮಿಗೆ ಬದನೆ ಒಂದೇ ಸಾಕು. ಮೊದಲ ಹೂ ಕಂಡ ದಿನದಿಂದ ಬೆಳಿಗ್ಗೆ ಹೊಲಕ್ಕೆ ಹೋಗಿ, ಯಾರು ಬಂದರು, ಯಾವ ಹೊತ್ತಿಗೆ ಬಂದರು ಎಂದು ಬರೆ. ಕೊಯ್ಲಿನ ಆಳುಗಳನ್ನು ಮೊದಲೇ ಕೂರಿಸಿಕೊಂಡು ಯಾವ ಬಣ್ಣದ ದಾರ ಏನೆಂದು ವಿವರಿಸು. ಕೈಪರಾಗದ ಕೆಲಸಕ್ಕೆ ಕಾಲೇಜಿನ ಹುಡುಗರನ್ನು ಕರೆತರಬೇಡ. ರಾಣೆಬೆನ್ನೂರು ಸೀಮೆಯಲ್ಲಿ ಬದನೆ ಕ್ರಾಸಿಂಗ್ ಮಾಡಿ ಕೈ ಪಳಗಿದ ಹೆಣ್ಣುಮಕ್ಕಳು ಈಗಲೂ ಇದ್ದಾರೆ, ಅತ್ತೆ ಮಾತಾಡಿ ಕಳಿಸುತ್ತಾಳೆ. ಖರ್ಚಿನ ಪಟ್ಟಿಯಲ್ಲಿ ಪೆಟ್ಟಿಗೆ ಬಾಡಿಗೆಯ ಸಾಲು ಹೊಡೆದುಹಾಕಿ, ಆ ಜಾಗದಲ್ಲಿ ಅವರ ಕೂಲಿ ಬರೆ. ವರದಿ ಅಚ್ಚಾಗುವಾಗ ಅವರ ಹೆಸರುಗಳೂ ಅದರಲ್ಲಿರಲಿ. ತಿದ್ದಿದ ಪ್ರಸ್ತಾವನೆಯನ್ನು ಅತ್ತೆಗೂ ಒಂದು ಪ್ರತಿ ಕಳಿಸು.

ಇಂತಿ,
ನಿನ್ನ ಸೋದರತ್ತೆ